ಎಂಬತ್ತೇಳು ಮಂದಿಗೆ ಒಬ್ಬನೇ ಗಂಡ

“ಯಾರ ಇಂವ? ಮೊದಲ ಅದನ್ನ ಹೇಳ. ಎಂಬತ್ತೇಳ ಮಂದಿ ಹೆಣ್ಣಮಕ್ಕಳಿಗೆ ಒಬ್ಬನ ಗಂಡ ಅಂದ್ರ, ಇಂವ ಯಾವ ಊರ ರಾಜಾ?”

“ನನಗೇನ ಗೊತ್ತರಿ? ನಾ ಏನ ನಿಂತ ಮದವಿ ಮಾಡಿಸೀನೇನ?”

“ನೀ ಮಾಡಿಸಿಲ್ಲ, ನಿನ್ನ ಕಂಪ್ಯೂಟರ ಮಾಡಿಸೇತಿ! ಇಲ್ಲಿ ನೋಡ ಇಲ್ಲಿ, ಹನ್ನೊಂದನೇ ನಂಬರ. ಗಂಗೂಬಾಯಿ. ನನ್ನ ಹೇಂತಿ! ನಾ ಜೀವಂತ ಇದ್ದಾಗನ ಆಕೀಗೆ ಬ್ಯಾರೆ ಗಂಡನ್ನ ಕಟ್ಟಿಯಲ್ಲ, ನಿನಗ ನಾಚಿಕಿ ಬರೂದಿಲ್ಲ?”

“ಬಾಯಿ ಹತೋಟಿನ್ಯಾಗ ಇರ್ಲಿ ಚೇರ್ಮನ್ರ. ನಾನೂ ಬೈಯಾಕ ಶುರು ಮಾಡಿದ್ರ ಹೊರಗ ಪಾಳಿ ಹಚ್ಚಿದವ್ರು ಹಾಲ ಬಿಟ್ಟ ಕೇಳಕೋತ ನಿಂದರ್ತಾರ.”

ಹೊಸವಾಡಿಯ ಹಾಲಿನ ಸಂಘದ ಚೇರ್ಮನ್ ಭೀಮಗೊಂಡ ಉದ್ದನೆಯ ಪ್ರಿಂಟಿನ ಹಾಳೆಯನ್ನು ಮೇಜಿಗೆ ಬಡಿದರು. ಹಾಳೆ ಮಡಿಕೆ ಬಿಚ್ಚಿಕೊಂಡು ನೆಲದವರೆಗೆ ಇಳಿಯಿತು. ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಸುಂದರಾ ಅದನ್ನು ಎತ್ತಿಕೊಂಡು ಓದಿದಳು. ಸಂಘದಲ್ಲಿ ಒಟ್ಟು ಎಷ್ಟು ಮನೆಗಳಿವೆಯೆಂದು ಚೇರ್ಮನ್ನರು ಕೇಳಿದ್ದಕ್ಕೆ, ಅವಳೇ ಗಂಡನ ಹೆಸರಿನ ಪ್ರಕಾರ ಗುಂಪು ಮಾಡಿ ತೆಗೆದ ಪಟ್ಟಿ ಅದು. ಭರಮು, ಹೆಂಡತಿ ಒಬ್ಬಳು. ಪಾರಿಸ, ಹೆಂಡತಿ ಒಬ್ಬಳು. ಅಲ್ಲಿಗೆ ಎಲ್ಲವೂ ನೆಟ್ಟಗಿತ್ತು. ಆದರೆ ಎಲ್ಲರಿಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಮಹಾಪುರುಷ ಕೂತಿದ್ದ. ಅವನ ಹೆಸರು ‘ಹೊಳಿ ದಂಡ್ಯಾಗ ಕಬ್ಬಿನ ಬೆಳಿ ಹಸ್’. ಹೆಂಡಿರು ಎಂಬತ್ತೇಳು.

ಸುಂದರಾಳಿಗೆ ನಗು ಬಂತು. ಈಗ ನಕ್ಕರೆ ಕೆಲಸ ಹೋಗುತ್ತದೆಂದು ತಿಳಿದು ಕೆಮ್ಮಿದಳು.

“ನಗಬ್ಯಾಡ,” ಎಂದರು ಭೀಮಗೊಂಡ. “ಶುಕ್ರವಾರ ಜಿಲ್ಲಾದಿಂದ ಸಾಹೇಬ್ರು ಬಂದ ಹಾಲ ಹಾಕೂ ಹೆಣ್ಣಮಕ್ಕಳಿಗೆ ಸಂಘದ ಕಾರ್ಡ ಹಂಚಾವ್ರು. ಇವತ್ತ ಮಂಗಳವಾರ. ನಾಳೆ ನಿಪ್ಪಾಣಿಯಿಂದ ವಿಶ್ವಾಸ ಅನ್ನೂ ಹುಡುಗನ್ನ ಕರಸ್ತೀನಿ. ಕಲತಾವ. ಶುಕ್ರವಾರದೊಳಗ ಪಟ್ಟಿ ಸರಿ ಮಾಡಿದಾವನ ಈ ಕುರ್ಚಿಮ್ಯಾಲ ಕುಂಡ್ರಾವ. ನೀ ಮತ್ತ ಬರೇ ಹಾಲಿನ ಫ್ಯಾಟ ನೋಡಕೋತ ಹೋಗ.”

ಕುರ್ಚಿ ಎಂದದ್ದೇ ಸುಂದರಾಳ ನಗು ಇಳಿಯಿತು.

ಆ ಕುರ್ಚಿಗಾಗಿ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ನಲವತ್ಮೂರು ವರ್ಷ, ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದು, ಹದಿನಾಲ್ಕು ವರ್ಷ ಸಂಘದಲ್ಲಿ ಹಾಲಿನ ಜಿಡ್ಡಿನಂಶ, ಅಂದರೆ ಫ್ಯಾಟು, ನೋಡುವ ಕೆಲಸ. ಎರಡು ಸಾವಿರದ ಎಂಟರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದಾಗ, ಅದಕ್ಕೆ ಹಳದಿ ಬಟ್ಟೆ ಹೊದಿಸಿ ಎರಡು ತಿಂಗಳು ಹಾಗೆಯೇ ಇಟ್ಟಿದ್ದರು. ಹೊರಗಿನವನನ್ನು ತರಬೇಕು ಎಂದು ಕಮಿಟಿಯವರು ಮಾತಾಡುತ್ತಿದ್ದಾಗ ಸುಂದರಾ ನಡುವೆ ಬಾಯಿ ಹಾಕಿ, “ನಾ ಕಲೀತೀನಿ. ಎಮ್ಮಿ ಹಿಂಡಾಕ ಬರೂದಿಲ್ಲ ಅನ್ನಾವ್ರು ಇಲ್ಲಿ ಯಾರದಾರು? ಎಲ್ಲಾ ಕಲತದ್ದ,” ಎಂದಿದ್ದಳು. ಕಮಿಟಿಯವರು ನಕ್ಕರು. ಅವರು ನಕ್ಕದ್ದಕ್ಕೇ ಅವಳು ಕಲಿತದ್ದು.

ವಾರಕ್ಕೆ ಎರಡು ದಿನ ಟೆಂಪೋದಲ್ಲಿ ರಾಯಬಾಗಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕೋಡಿಗೆ. ಅಲ್ಲಿ ಒಂದು ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು. ಕಲಿಸುವವನು ಜಿನೇಂದ್ರ, ಇಪ್ಪತ್ತಾರರ ಹುಡುಗ. ಅವಳು ಅವನನ್ನು ಸರ್ ಎನ್ನುತ್ತಿದ್ದಳು, ಅವನು ಅವಳನ್ನು ಅಕ್ಕಾರ ಎನ್ನುತ್ತಿದ್ದ. ಉಳಿದವರೆಲ್ಲ ಕಾಲೇಜಿನ ಹುಡುಗ ಹುಡುಗಿಯರು.

ಮೊದಲ ವಾರ ಅವಳಿಗೆ ಒಂದೂ ತಿಳಿಯಲಿಲ್ಲ. ಟೇಬಲ್ ಎಂದರೆ ನಾಲ್ಕು ಕಾಲಿನದಲ್ಲ, ಸಾಲು ಸಾಲಾಗಿ ಬರೆಯುವ ಚೌಕಟ್ಟು ಎಂದು ತಿಳಿಯಲಿಕ್ಕೇ ಎರಡು ದಿನ ಹೋದವು. ಮೂರನೆಯ ವಾರ ಏನೋ ಒಂದು ಹೊಳೆಯಿತು. ಮನೆಯಲ್ಲಿ ಬೇಳೆ ಒಂದು ಡಬ್ಬಿ, ಸಕ್ಕರೆ ಒಂದು ಡಬ್ಬಿ. ಎಲ್ಲ ಡಬ್ಬಿಯಲ್ಲೂ ಒಂದೊಂದು ಹಿಡಿ ಸಕ್ಕರೆ ಇಟ್ಟರೆ ಇರುವೆ ಹತ್ತುವುದು ಎಲ್ಲ ಡಬ್ಬಿಗೂ. ಹಾಗೆಯೇ ಹೆಸರು ಒಂದು ಕಡೆ ಮಾತ್ರ ಇರಬೇಕು, ಉಳಿದ ಕಡೆ ಬರೀ ಅದರ ನಂಬರು. ದಿನದ ಹಾಲಿನ ಟೇಬಲಿನಲ್ಲಿ ಕೆಂಪವ್ವ ಎಂದು ಬರೆಯಬೇಕಾಗಿಲ್ಲ. ಐವತ್ತೆರಡು ಎಂದು ಬರೆದರೆ ಸಾಕು, ಐವತ್ತೆರಡು ಯಾರೆಂದು ಸದಸ್ಯರ ಟೇಬಲ್ ಹೇಳುತ್ತದೆ. ಇದು ತಿಳಿದ ದಿನ ಅವಳು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದಕ್ಕೆ ಪಕ್ಕದ ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು.

ಅವಳಿಗೆ ಬಹಳ ಹಿಡಿಸಿದ್ದು ಇನ್ನೊಂದು. ಟೇಬಲುಗಳಿಂದ ಮಾಹಿತಿ ಕೇಳುವ ಈ ಕಂಪ್ಯೂಟರಿನ ಭಾಷೆಯಲ್ಲಿ ಏನು ಬೇಕು ಎಂದಷ್ಟೇ ಹೇಳಬೇಕು. ಎಲ್ಲಿ ಹುಡುಕು, ಹೇಗೆ ತಾ ಎಂದು ಹೇಳಬೇಕಾಗಿಲ್ಲ. ಆರರ ಮೇಲೆ ಫ್ಯಾಟು ಬಂದ ಎಮ್ಮೆಗಳ ಮಾಲೀಕರನ್ನು ತೋರಿಸು ಎಂದರೆ ತೋರಿಸುತ್ತದೆ. ಮನೆಯಲ್ಲಿ ಗಂಡ ಭರಮುವಿಗೆ ಉಪ್ಪು ತಾ ಎಂದರೆ ಎಲ್ಲೈತಿ, ಯಾವ ಡಬ್ಬಿ, ಮ್ಯಾಲಿಂದೋ ಕೆಳಗಿಂದೋ ಎಂದು ಹತ್ತು ಸಲ ಕೇಳಿ ಕೊನೆಗೆ ಸೋಡಾ ಪುಡಿ ತರುತ್ತಿದ್ದ. “ಸರ್ರ, ಇಷ್ಟ ದಿನ ಇದು ಎಲ್ಲಿತ್ರಿ?” ಎಂದು ಅವಳು ಜಿನೇಂದ್ರನನ್ನು ಕೇಳಿದ್ದಳು.

ತಪ್ಪುಗಳೇನು ಕಡಿಮೆ ಮಾಡಲಿಲ್ಲ. ಒಮ್ಮೆ ಒಬ್ಬಳ ಹೆಸರು ತಿದ್ದಲು ಹೋಗಿ, ಯಾರದ್ದು ಎಂದು ಹೇಳುವ ಕೊನೆಯ ತುಂಡನ್ನೇ ಬರೆಯದೆ ಬಿಟ್ಟಳು. ಕ್ಲಾಸಿನ ಟೇಬಲಿನಲ್ಲಿದ್ದ ನಲವತ್ತೂ ಮಂದಿ ಒಂದೇ ಏಟಿಗೆ ಕೆಂಪವ್ವ ಆದರು, ಅದರಲ್ಲಿ ಹದಿನೆಂಟು ಗಂಡಸರು. ಜಿನೇಂದ್ರ ತಲೆ ಹಿಡಿದುಕೊಂಡು ಕೂತ. “ಅಕ್ಕಾರ, ನನ್ನೂ ಕೆಂಪವ್ವ ಮಾಡೀರಿ,” ಎಂದ.

ಹಾಗೆ ಕಲಿತು ಬಂದು ಸಂಘದ ಸದಸ್ಯರ ಟೇಬಲನ್ನು ಅವಳು ತಾನೇ ಕೂತು ಹೊಂದಿಸಿದ್ದಳು. ನಂಬರು, ಹೆಸರು, ಮನೆ ನಂಬರು, ಗಂಡನ ಹೆಸರು. ಗಂಡನ ಹೆಸರಿಗೆ ಮೂವತ್ತು ಅಕ್ಷರದ ಜಾಗ. ಯಾವ ಗಂಡನ ಹೆಸರು ಮೂವತ್ತು ದಾಟುತ್ತದೆ? ಜಾಗ ಸುಮ್ಮನೆ ಯಾಕೆ ಹಾಳು ಎಂದು ಲೆಕ್ಕ ಹಾಕಿದ್ದಳು. ಆ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲವಾದ್ದರಿಂದ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಮನೆಮನೆಗೆ ಹೋಗಿ ಫಾರ್ಮು ತುಂಬಿಕೊಂಡು ಬಂದು ಟೈಪು ಮಾಡುವ ಕೆಲಸವನ್ನು ಪಕ್ಕದ ಮನೆ ಸತ್ತೆವ್ವನ ಸೊಸೆ ನೀಲಮಳಿಗೆ ಒಪ್ಪಿಸಿದ್ದಳು. ನೀಲಮ ಬೋರಗಾಂವದವಳು, ಮದುವೆಯಾಗಿ ಬಂದು ವರ್ಷವಾಗಿಲ್ಲ, ಸುಂದರಾಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಮದುವೆಗೆ ಮುಂಚೆ ಟೈಪಿಂಗ್ ಕಲಿತವಳು. ಬೆರಳು ಮಗ್ಗದ ಲಾಳಿಯ ಹಾಗೆ ಓಡುತ್ತಿದ್ದವು.

ಚೇರ್ಮನ್ನರು ಚಪ್ಪಲಿ ಸಪ್ಪಳ ಮಾಡುತ್ತ ಹೊರಗೆ ಹೋದ ಮೇಲೆ ಸುಂದರಾ ನೀಲಮಳನ್ನು ಕರೆಸಿದಳು.

“ಏನ ಇದು? ಹೊಳಿ ದಂಡ್ಯಾಗ ಕಬ್ಬಿನ ಬೆಳಿ. ಯಾರ ಹೆಸರ ಇದು?”

ನೀಲಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅದು ಒಡಪ ಐತಲ್ರಿ ಮಾವಶಿ. ‘ಹೊಳಿ ದಂಡ್ಯಾಗ ಕಬ್ಬಿನ ಬೆಳಿ ಹಸರ, ಹಿರೇರ ಮುಂದ ಹೇಳತೀನಿ ಮಲಕಾರಿರಾಯರ ಹೆಸರ.’ ಗಂಡನ ಹೆಸರ ಕೇಳಿದ್ರ ಸುಮ್ನ ಯಾರರ ಹೇಳ್ತಾರೇನ್ರಿ? ಒಬ್ಬಾಕಿ ಒಂದ ಒಡಪ ಹೇಳಿದ್ಲು, ಓಣ್ಯಾಗಿನವ್ರೆಲ್ಲಾ ಅದನ್ನ ಹೇಳಿ ಕಡೀಕ ತಮ್ಮ ತಮ್ಮ ಗಂಡನ ಹೆಸರ ಸೇರಿಸಿದ್ರು. ಹಿರೇರು ಇದ್ದ ಮನ್ಯಾಗಷ್ಟ ಅವ್ರು ನೆಟ್ಟಗ ಹೆಸರ ಹೇಳಿದ್ರು.”

“ನೀ ಎಲ್ಲಾ ಬರಕೊಂಡಿ?”

“ನೀವ ಹೇಳಿದ್ರೆಲ್ರಿ! ‘ನಿನ್ನ ಶಾಣೇತನ ಬ್ಯಾಡ, ಅವ್ರು ಹೇಳಿದ್ದ ಹೇಳಿದಂಗ ಬರಿ’ ಅಂತ ಬೈದ್ರಿ.”

ಬೈದದ್ದು ನಿಜ. ಸುಂದರಾ ಮೂವತ್ತರ ಲೆಕ್ಕ ಹಾಕಿದಳು. ಇಂಗ್ಲಿಷಿನಲ್ಲಿ, ನಡುವಿನ ಖಾಲಿ ಜಾಗವೂ ಸೇರಿ, ‘ಹಸ್’ ಎನ್ನುವಲ್ಲಿಗೆ ಸರಿಯಾಗಿ ಮೂವತ್ತು ಅಕ್ಷರ. ಗಂಡಂದಿರೆಲ್ಲ ಒಡಪಿನ ಕೊನೆಯಲ್ಲಿದ್ದರು. ಯಂತ್ರ ಬಾಲ ಕತ್ತರಿಸಿದಾಗ ಬಾಲದ ಜೊತೆ ಗಂಡಂದಿರೂ ಹೋಗಿದ್ದರು, ಕಬ್ಬು ಮಾತ್ರ ಉಳಿದಿತ್ತು.

ಇನ್ನೊಂದು ಮಾತು ಅವಳಿಗೆ ತಡವಾಗಿ ಹೊಳೆದು, ತನ್ನ ಮೇಲೆಯೇ ಸಿಟ್ಟು ಬಂತು. ಹೊಸವಾಡಿಯಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಕರೆಯುವ ಹೆಂಗಸು ಒಬ್ಬಳೇ. “ಏ ಭರಮ್ಯಾ” ಎಂದು ದಿನಕ್ಕೆ ಇಪ್ಪತ್ತು ಸಲ ಓಣಿಗೆಲ್ಲ ಕೇಳುವಂತೆ ಕೂಗುವವಳು ತಾನು. ಅದಕ್ಕೇ, ಉಳಿದವರು ಹೆಸರು ಹೇಳಲಿಕ್ಕಿಲ್ಲ ಎನ್ನುವುದು ಟೇಬಲ್ ಮಾಡುವಾಗ ತನ್ನ ತಲೆಗೆ ಬರಲೇ ಇಲ್ಲ.

ಜಿನೇಂದ್ರನಿಗೆ ಫೋನು ಹಚ್ಚಿದಳು. “ಸರ್ರ, ತುಂಬಿದ ಕ್ಯಾನಿಗೆ ಹಾಲ ಹಾಕಿದ್ರ ಹೊರಗ ಚಲ್ಲತೈತಿ, ಕಣ್ಣಿಗೆ ಕಾಣತೈತಿ. ಈ ನಿಮ್ಮ ಮಶೀನ ಚಲ್ಲಿದ್ದನ್ನ ಹೇಳಲೇ ಇಲ್ಲಲ್ರಿ?”

“ಹೇಳಿರತೈತ್ರಿ ಅಕ್ಕಾರ. ಪ್ರತಿ ಸಾಲಿಗೂ ‘ಒಂದ ವಾರ್ನಿಂಗ್’ ಅಂತ ಬಂದಿರತೈತಿ.”

ಸುಂದರಾ ನೀಲಮಳ ಮುಖ ನೋಡಿದಳು. “ಬಂದಿತ್ರಿ ಮಾವಶಿ,” ಎಂದಳು ನೀಲಮ. “ಅದರ ಮೊದಲ ‘ಓಕೆ’ ಅಂತ ಬರತಿತ್ತು. ಓಕೆ ಅಂದ ಮ್ಯಾಲ ಮುಂದಿಂದ ಯಾಕ ಓದೂದು ಅಂತ ಬಿಟ್ಟೆ.”

“ಸರ್ರ,” ಎಂದು ಸುಂದರಾ ಫೋನಿನಲ್ಲಿ ಗದರಿದಳು, “ವಾರ್ನಿಂಗ್ ಅಂದ್ರ ಒದರಬೇಕ್ರಿ. ಬಾಗಲಾಗ ನಾಯಿ ಯಾಕ ಕಟ್ಟಿರ್ತೀವಿ? ಓಕೆ ಅಂದು ಬಾಲಾ ಅಳ್ಳಾಡಿಸಿ, ಆಮ್ಯಾಲ ಸಣ್ಣಗ ಕಳ್ಳ ಬಂದಾನ ಅಂದ್ರ ಅದು ಯಾವ ನಾಯಿ?”

“ಕಾಗದದ ಫಾರ್ಮು ಇದ್ದಾವಲ್ರಿ, ಅದನ್ನ ನೋಡಿ ತಿದ್ರಿ,” ಎಂದ ಜಿನೇಂದ್ರ ನಗುತ್ತ.

ಫಾರ್ಮುಗಳು ಇರಲಿಲ್ಲ. ಕಂಪ್ಯೂಟರಿಗೆ ಹೋದ ಮೇಲೆ ಈ ಹಳೆ ಕಾಗದ ಯಾಕೆಂದು ಸುಂದರಾ ಅವನ್ನು ಒಯ್ದು ಸ್ನಾನದ ನೀರು ಕಾಸುವ ಒಲೆಗೆ ಹಾಕಿದ್ದಳು. ಎರಡನೆಯ ಪ್ರತಿ ಇಟ್ಟುಕೊಳ್ಳಬೇಕು ಎನ್ನುವ ಪಾಠ ಜಿನೇಂದ್ರ ಮಾಡಿದ ದಿನ ಅವಳ ಎಮ್ಮೆ ಈದಿತ್ತು, ಕ್ಲಾಸಿಗೆ ಹೋಗಿರಲಿಲ್ಲ.

ಮರುದಿನ ಮುಂಜಾನೆ, ಹಾಲು ತಗೊಳ್ಳುವ ಹೊತ್ತಿಗೆ ಸರಿಯಾಗಿ ವಿಶ್ವಾಸ ಬಂದಿಳಿದ. ಇಸ್ತ್ರಿ ಮಾಡಿದ ಅಂಗಿ, ಕರಿ ಬ್ಯಾಗು. ಸುಂದರಾ ಹೊಂದಿಸಿದ ಟೇಬಲನ್ನು ಐದು ನಿಮಿಷ ನೋಡಿ ಮೂಗು ಮುರಿದ.

“ಬಾಯಿ, ಕಾಲಂ ಸಣ್ಣದಾಗೇತಿ. ನೂರ ಅಕ್ಷರ ಮಾಡಿದ್ರ ಮುಗೀತು. ಅಗದೀ ಸೋಪಾ, ಸರಳ ಕೆಲಸ. ಹೆಸರ ಒಂದ ಸಲ ಮತ್ತ ಕೇಳಿದ್ರ ಆತು. ಎಲ್ಲಾ ಇಲ್ಲೇ ಪಾಳಿಗೆ ನಿಂತಾರಲ್ಲ?”

“ಹೋಗಿ ಕೇಳ್ರಿ,” ಎಂದಳು ಸುಂದರಾ. ಅವಳಿಗೆ ಕೇಡು ಬಗೆಯುವ ಮನಸ್ಸಿರಲಿಲ್ಲ. ಆದರೆ ಮನೆಗೆಲಸದವಳನ್ನು ಕರೆದ ಹಾಗೆ ‘ಬಾಯಿ’ ಎಂದು ಕರೆಯಿಸಿಕೊಂಡು ಬುದ್ಧಿ ಹೇಳುವ ಮನಸ್ಸೂ ಇರಲಿಲ್ಲ.

ವಿಶ್ವಾಸ ವಹಿ, ಪೆನ್ನು ಹಿಡಿದು ಅಂಗಳಕ್ಕೆ ಇಳಿದ. ಪಾಳಿಯ ಮುಂದೆ ಗಂಗೂಬಾಯಿ ನಿಂತಿದ್ದರು, ಚೇರ್ಮನ್ನರ ಹೆಂಡತಿ. ಅವರ ಹಿಂದೆ ಐವತ್ತೆರಡನೇ ನಂಬರಿನ ಕೆಂಪವ್ವ, ಅವಳ ಹಿಂದೆ ಎರಡು ಸಾಲು ಕ್ಯಾನು, ಕೊಡ, ತಂಬಿಗೆ.

“ನಿಮ್ಮ ಮಾಲಕರ ಹೆಸರೇನ್ರಿ?”

“ಬರಕೋತೀಯೇನ? ಬರಕೋ ಹಂಗಾದ್ರ. ಹೊಳಿ ದಂಡ್ಯಾಗ—”

“ಅದಲ್ರಿ ಅವ್ವಾರ, ಬರೇ ಹೆಸರ.”

“ಬರೇ ಹೆಸರ ಹೇಳಾಕ ಅವರೇನ ನಮ್ಮನಿ ಆಳೇನೋ?”

ಪಾಳಿಯಲ್ಲಿ ನಗು ಎದ್ದಿತು. ಕೆಂಪವ್ವ ಕ್ಯಾನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ತಮ್ಮಾ, ನಿನಗ ಮದವಿ ಆಗೇತಿ?”

“ಆಗೇತ್ರಿ. ಐದ ತಿಂಗಳಾತು.”

“ಹಂಗಾದ್ರ ನೀ ಮೊದಲ ನಿನ್ನ ಹೇಂತಿ ಹೆಸರ ಹೇಳ. ಒಡಪ ಹಾಕಿ ಹೇಳಬೇಕ ಮತ್ತ. ನೀ ಹೇಳಿದ್ರ ನಾವೂ ಹೇಳ್ತೀವಿ.”

ವಿಶ್ವಾಸನ ಕಿವಿ ಕೆಂಪಾದವು. “ನಮ್ಮ ಕಡೆ ಉಖಾಣಾ ಅಂತಾರ್ರಿ... ಮದವ್ಯಾಗ ಒಂದ ಹೇಳಿದ್ದೆ, ಈಗ ನೆಪ್ಪಿಲ್ರಿ.”

“ಐದ ತಿಂಗಳಿಗೆ ಹೇಂತಿ ಹೆಸರ ಮರತಾನಂತ್ರೆವಾ!”

ಅಲ್ಲಿಂದ ಮುಂದೆ ಪಾಳಿಯಲ್ಲಿ ಹಾಲಿನ ಮಾತು ನಿಂತಿತು, ಒಡಪು ಶುರುವಾಯಿತು. ಒಬ್ಬಳು ಬೆಲ್ಲದ ಮೇಲೆ ಹೇಳಿದಳು, ಒಬ್ಬಳು ಬಸ್ಸಿನ ಮೇಲೆ, ಒಬ್ಬಳು ಟೀವಿಯ ಮೇಲೆ. ಫಾರ್ಮಿಗೆ ಹೇಳಿದ್ದಕ್ಕಿಂತ ಇಂದಿನದು ಉದ್ದ. ವಿಶ್ವಾಸನ ನೂರು ಅಕ್ಷರ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಒಳಗೆ ಸುಂದರಾ ಫ್ಯಾಟು ನೋಡುತ್ತಿದ್ದಳು. ನೀಲಮ ಲೀಟರು, ಫ್ಯಾಟು ಒತ್ತಿ ಚೀಟಿ ತೆಗೆಯುತ್ತಿದ್ದಳು. ಹನ್ನೊಂದು. ಐವತ್ತೆರಡು. ನೂರಾ ಮೂರು. ಕ್ಯಾನಿನ ಮುಚ್ಚಳದ ಮೇಲಿನ ನಂಬರು ಕೂಗಿದರೆ ಸಾಕು, ಚೀಟಿ ಬರುತ್ತಿತ್ತು, ಹೆಂಗಸು ಕಿತ್ತುಕೊಂಡು ಹೋಗುತ್ತಿದ್ದಳು.

ಮೂವತ್ತನೆಯ ಚೀಟಿಗೋ ನಲವತ್ತನೆಯದಕ್ಕೋ ಸುಂದರಾಳ ಕೈ ನಿಂತಿತು.

“ನೀಲಮಾ, ಈ ಚೀಟಿ ಕಂಪ್ಯೂಟರಿನ್ಯಾಗಿಂದ ತಗಿಯಾಕತ್ತ ಎಷ್ಟ ದಿನಾತು?”

“ಇವತ್ತಿಗೆ ಹನ್ನೆರಡ ದಿನ್ರಿ.”

“ಒಬ್ಬರ ಚೀಟಿ ಒಬ್ಬರಿಗೆ ಹೋಗೇತೇನ? ಯಾರರ ಜಗಳಾ ತಂದಾರೇನ?”

“ಇಲ್ರಿ. ಒಂದೂ ಇಲ್ಲ.”

ಊರಿನಲ್ಲಿ ಹದಿನಾಲ್ಕು ಮಂದಿ ಕೆಂಪವ್ವಂದಿರು. ಅವರಲ್ಲಿ ಒಂಬತ್ತು ಮಂದಿಗೆ ಹನ್ನೆರಡು ದಿನಗಳಿಂದ ಒಬ್ಬನೇ ಗಂಡ, ಆ ಹೊಳೆದಂಡೆಯ ಕಬ್ಬು. ಆದರೂ ಒಬ್ಬಳ ಹಾಲು ಇನ್ನೊಬ್ಬಳ ಹೆಸರಿಗೆ ಒಂದು ತೊಟ್ಟೂ ಹೋಗಿಲ್ಲ. ಕೆಂಪವ್ವನನ್ನು ಕೆಂಪವ್ವನಿಂದ ಬೇರೆ ಮಾಡುತ್ತಿದ್ದದ್ದು ಅವಳ ನಂಬರು. ಗಂಡನಲ್ಲ. ಗಂಡನ ಕಾಲಮಿನಲ್ಲಿ ಕಸ ತುಂಬಿದ್ದರೂ ಸಂಘ ನಡೆದಿತ್ತು. ಹಾಗಾದರೆ ಆ ಕಾಲಮಿಗೆ ಅಲ್ಲಿ ಏನು ಕೆಲಸ?

ಮೊದಲ ದಿನದಿಂದ ಫಾರ್ಮಿನಲ್ಲಿ ಇತ್ತು ಎಂದು ತಾನು ಟೇಬಲಿನಲ್ಲಿ ಇಟ್ಟದ್ದು. ಫಾರ್ಮಿನಲ್ಲಿ ಯಾಕಿತ್ತು ಎಂದು ಯಾರೂ ಕೇಳಿರಲಿಲ್ಲ.

ಅವಳು ಕೈ ತೊಳೆದುಕೊಂಡು ಅಂಗಳಕ್ಕೆ ಬಂದಳು. ಭೀಮಗೊಂಡ ಕಟ್ಟೆಯ ಮೇಲೆ ಕೂತು ವಿಶ್ವಾಸನ ಪಾಡು ನೋಡುತ್ತಿದ್ದರು. ಮುಖದಲ್ಲಿ ನಿನ್ನೆಯ ಸಿಟ್ಟಿನ ಜೊತೆ ಇಂದಿನ ಚಿಂತೆಯೂ ಸೇರಿತ್ತು.

“ಚೇರ್ಮನ್ರ, ಗಂಡನ ಹೆಸರ ತಗದ ಒಗೀತೀನ್ರಿ.”

“ಏನಂದಿ?”

“ಕಾರ್ಡಿನ್ಯಾಗ ಗಂಡನ ಹೆಸರ ಬ್ಯಾಡ. ಹಾಲ ಹಾಕಾವ್ರು ಇವರು. ನಂಬರ ಐತಿ, ಹೆಸರ ಐತಿ, ಫೋಟೋ ಐತಿ. ಇನ್ನೇನ ಬೇಕು?”

“ಹುಚ್ಚ ಹಿಡದೈತೇನ ನಿನಗ? ಗಂಡನ ಹೆಸರಿಲ್ಲದ ಕಾರ್ಡ ಅಂದ್ರ ಸಾಹೇಬ್ರು ಏನಂದಾರು? ಮನಿ ಎಷ್ಟ ಅಂತ ಹೆಂಗ ತಿಳೀಬೇಕು?”

“ಮನಿ ನಂಬರಿನ ಕಾಲಂ ಐತಲ್ರಿ, ಅದರಮ್ಯಾಲ ಗುಂಪ ಮಾಡಿದ್ರ ಮನಿ ತಿಳೀತಾವು. ಮನಿ ಎಣಸಾಕ ಗಂಡಂದಿರನ್ನ ಯಾಕ ಎಣಸಬೇಕು? ಸಾಹೇಬ್ರು ಕೇಳಿದ್ದು ಹಾಲ ಹಾಕಾವ್ರ ಪಟ್ಟಿ, ಗಂಡಂದಿರ ಪಟ್ಟಿ ಅಲ್ಲ. ಜಿಲ್ಲಾದಿಂದ ಬಂದ ಕಾಗದಾ ತಗದ ಓದ್ರಿ.”

“ಇಷ್ಟ ದಿನದ ಪದ್ಧತಿ—”

“ನಿಮ್ಮ ಕಿಸೇದಾಗ ಸಕ್ಕರಿ ಕಾರ್ಖಾನಿ ಕಾರ್ಡ ಐತಲ್ರಿ, ತಗೀರಿ ಹೊರಗ. ಅದರಾಗ ಗಂಗೂಬಾಯಾರ ಹೆಸರ ಎಲ್ಲೈತಿ ತೋರಸ್ರಿ. ಕಬ್ಬ ನಿಮ್ಮದು ಅಂತ ತಿಳಿಯಾಕ ಹೇಂತಿ ಹೆಸರ ಬೇಕಾಗಿಲ್ಲ. ಎಮ್ಮಿ ಅವರದು ಅಂತ ತಿಳಿಯಾಕ ನಿಮ್ಮ ಹೆಸರ ಯಾಕ ಬೇಕು?”

ಒಡಪು ನಿಂತಿತ್ತು. ಅಂಗಳವೆಲ್ಲ ಕಟ್ಟೆಯ ಕಡೆ ತಿರುಗಿತ್ತು. ಭೀಮಗೊಂಡ ಕಿಸೆ ಮುಟ್ಟಿಕೊಂಡರು, ಕಾರ್ಡು ತೆಗೆಯಲಿಲ್ಲ. ಹೆಂಡತಿಯ ಕಡೆ ನೋಡಿದರು. ಗಂಗೂಬಾಯಿ ಖಾಲಿ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

“ಇದರಾಗ ವಿಚಾರ ಮಾಡೂದೇನೈತ್ರಿ?” ಎಂದರು. “ಮುಂಜಾನೆ ನಾಕಕ್ಕ ಎದ್ದ ಸಗಣಿ ಬಳಿಯೂ ಮುಂದ ನೀವ ಬರ್ತೀರೇನ? ಇಲ್ಲಲ್ಲ. ಕಾರ್ಡಿನ್ಯಾಗೂ ಬರಬ್ಯಾಡ್ರಿ, ಆರಾಮ ಮಲಕೋರಿ.”

ಅಂಗಳವೆಲ್ಲ ನಕ್ಕಿತು, ಆ ನಗುವಿನಲ್ಲಿ ಚೇರ್ಮನ್ನರೂ ಸೇರಿಕೊಳ್ಳದೆ ದಾರಿಯಿರಲಿಲ್ಲ. ಮೀಸೆಯಡಿ ನಕ್ಕು, “ಮಾಡ ಹೋಗ. ಶುಕ್ರವಾರ ಏನರ ಎಡವಟ್ಟಾತಂದ್ರ ಆ ಕುರ್ಚಿನ್ಯಾಗ ನಿನ್ನ ಕುಂಡ್ರಾಕ ಬಿಡೂದಿಲ್ಲ,” ಎಂದರು.

“ಆಗೂದಿಲ್ಲ,” ಎಂದಳು ಸುಂದರಾ. ಈ ಸಲ ಮೊದಲು ಇಡೀ ಪಟ್ಟಿಯ ಎರಡನೆಯ ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿ, ಅದನ್ನು ನೀಲಮಳ ಕೈಯಲ್ಲಿ ಕೊಟ್ಟು, “ಮುಟಗಿ ಬಿಚ್ಚಬ್ಯಾಡ,” ಎಂದಳು. ಆಮೇಲೆ ಕೂತು, ಗಂಡನ ಹೆಸರಿನ ಕಾಲಂ ತೆಗೆ ಎನ್ನುವ ಒಂದೇ ಸಾಲು ಬರೆದಳು. ಕೊನೆಯ ಗುಂಡಿ ಒತ್ತಿ, ಬಂದ ಉತ್ತರವನ್ನು ಓಕೆಯಿಂದ ಹಿಡಿದು ಕೊನೆಯ ಅಕ್ಷರದವರೆಗೂ ಓದಿದಳು. ವಾರ್ನಿಂಗ್ ಇರಲಿಲ್ಲ. ಎಂಬತ್ತೇಳು ಹೆಂಡಿರ ಗಂಡ ಸಪ್ಪಳವಿಲ್ಲದೆ ಹೋಗಿದ್ದ.

ವಿಶ್ವಾಸ ಒಳಗೆ ಬಂದ. ವಹಿಯಲ್ಲಿ ಎಂಟು ಪುಟ ತುಂಬಿದ್ದವು, ಅಂಗಿಯ ಇಸ್ತ್ರಿ ಹೋಗಿತ್ತು.

“ಬಾಯಿ, ಇಲ್ಲಿ ಕಾಲಂ ಇತ್ತಲ್ರಿ?”

“ತಗದೆ.”

“ತಗದ್ರಿ ಅಂದ್ರ? ಮುಂಜಾನಿಂದ ನಾ ಬರಕೊಂಡದ್ದು?”

“ಹಾಳಾಗೂದಿಲ್ಲ. ಮನೀಗೆ ಒಯ್ದ ಹೇಂತೀಗೆ ಓದಿ ತೋರಸ್ರಿ. ಒಂದಾದ್ರೂ ಬಾಯಿಪಾಠ ಮಾಡ್ರಿ, ಮತ್ತ ಯಾರರ ಕೇಳಿದ್ರ ಬೇಕಾಗತೈತಿ.”

ನೀಲಮ ಪೆನ್‌ಡ್ರೈವು ಹಿಡಿದ ಮುಷ್ಟಿಯಿಂದಲೇ ಬಾಯಿ ಮುಚ್ಚಿಕೊಂಡಳು. ವಿಶ್ವಾಸ ಅವಳು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ಪರದೆಯನ್ನು ಇನ್ನೊಮ್ಮೆ ನೋಡಿದ, ಮೇಲೆ ಕೆಳಗೆ ಓಡಿಸಿದ. ತಪ್ಪು ಹುಡುಕುತ್ತಿದ್ದನೆಂದು ಸುಂದರಾಳಿಗೆ ಗೊತ್ತಾಯಿತು. ಅವನಿಗೆ ಒಂದೂ ಸಿಗಲಿಲ್ಲ. ಕುರ್ಚಿ ಬಿಟ್ಟು ಎದ್ದ.

“ಚಹಾ ಆಗೇತಿ, ಕುಡದ ಹೋಗೋ,” ಎಂದು ಕಟ್ಟೆಯ ಮೇಲಿಂದ ಭೀಮಗೊಂಡ ಕರೆದರು.

“ಬಂದೆ ಬಂದೆ. ಇಲ್ಲಿ ಫೋನ ಹತ್ತವಲ್ದು, ರೋಡಿಗೆ ಹೋಗಿ ಒಂದ ಮಾತಾಡಿ ಬರ್ತೀನ್ರಿ,” ಎಂದ ವಿಶ್ವಾಸ. ಫೋನಿನಲ್ಲಿ ಮಾತಾಡಲು ಹೋಗುವವನು ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡ. ಪಾಳಿಯಲ್ಲಿ ಉಳಿದಿದ್ದ ಹೆಂಗಸರು ದಾರಿ ಬಿಟ್ಟರು. ಕೆಂಪವ್ವ ಏನೋ ಅನ್ನಲು ಬಾಯಿ ತೆರೆದಳು. ಅವನು ಆಗಲೇ ಗೇಟು ದಾಟಿದ್ದ.

ಚೇರ್ಮನ್ನರು ಅವನ ಕಪ್ಪಿನ ಮೇಲೆ ಬಸಿ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಾದರು. ಮೊದಲ ಟೆಂಪೋ ಹೋಯಿತು, ಎರಡನೆಯದೂ ಹೋಯಿತು. ಹಾಲಿನ ಗಾಡಿ ಬಂದು ಕ್ಯಾನು ತುಂಬಿಕೊಂಡು ರಾಯಬಾಗದ ಕಡೆ ತಿರುಗಿತು. ವಿಶ್ವಾಸ ಬರಲಿಲ್ಲ.